ಹಗ್ಗದಿಂದ ಆಳೆತ್ತರದ ಸೋಪಿನ ಗುಳ್ಳೆ: ಗುಟ್ಟು ಸೋಪಿನಲ್ಲಿಲ್ಲ

ಎರಡು ಕೋಲು, ಒಂದು ಹತ್ತಿಯ ಹಗ್ಗ, ಅರ್ಧ ಬಕೆಟ್ ಸೋಪಿನ ನೀರು. ಇಷ್ಟೇ ಸಾಮಾನಿನಲ್ಲಿ ಒಬ್ಬ ಮನುಷ್ಯ ಹಿಡಿಸುವಷ್ಟು ದೊಡ್ಡ ಗುಳ್ಳೆ ಬಿಡಬಹುದು. ಕಾರವಾರದ ಟ್ಯಾಗೋರ್ ಕಡಲತೀರವಾದರೂ ಆದೀತು, ಶಿರಸಿ ಕಡೆಯ ಮನೆಯಂಗಳವಾದರೂ ಆದೀತು. ಆದರೆ ಮೊದಲ ಸಲ ಕೈ ಹಾಕಿದವರು ಹೆಚ್ಚಾಗಿ ಒಂದೇ ಕಡೆ ಸಿಕ್ಕಿಬೀಳುತ್ತಾರೆ. ಹಗ್ಗ ಎತ್ತಿದ ಕೂಡಲೇ ಪೊರೆ ಒಡೆಯುತ್ತದೆ. ಸೋಪು ಸಾಲಲಿಲ್ಲ ಅಂತ ಇನ್ನಷ್ಟು ಸುರಿಯುತ್ತಾರೆ. ಮತ್ತೆ ಒಡೆಯುತ್ತದೆ. ಕಡೆಗೆ ಬಕೆಟ್ ತುಂಬ ನೊರೆ, ಗುಳ್ಳೆ ಮಾತ್ರ ಒಂದೂ ಇಲ್ಲ.

ದೊಡ್ಡ ಗುಳ್ಳೆಗೆ ಜಾಸ್ತಿ ಸೋಪು ಬೇಡ. ಬೇಕಾದ್ದು ಸ್ವಲ್ಪ ಲೋಳೆ ಮತ್ತು ಒದ್ದೆ ಗಾಳಿ. ಲೋಳೆಯನ್ನು ನಾವು ಅಂಗಡಿಯಿಂದ ತರಬೇಕು. ಒದ್ದೆ ಗಾಳಿಯನ್ನು ಉತ್ತರ ಕನ್ನಡ ಪುಕ್ಕಟೆ ಕೊಡುತ್ತದೆ. ಇದು ಯಾಕೆ ಹೀಗೆ ಅಂತ ಒಮ್ಮೆ ಅರ್ಥವಾದರೆ ಅಳತೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅವತ್ತಿನ ಹವೆ ನೋಡಿ ನೀವೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಮೊದಲು ಪೊರೆ ಅಂದರೆ ಏನು ನೋಡೋಣ. ಬರೀ ನೀರಿನಿಂದ ಗುಳ್ಳೆ ಊದಲು ಬರುವುದಿಲ್ಲ. ನೀರಿನ ಕಣಗಳು ಒಂದನ್ನೊಂದು ಬಲವಾಗಿ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಕಣಗಳಿಗೆ ಮೇಲಿನಿಂದ ಎಳೆಯುವವರು ಇಲ್ಲ, ಹಾಗಾಗಿ ಅವು ಒಳಕ್ಕೂ ಅಕ್ಕಪಕ್ಕಕ್ಕೂ ಜಗ್ಗುತ್ತವೆ. ಇದಕ್ಕೆ ಮೇಲ್ಮೈ ಸೆಳೆತ ಅನ್ನುತ್ತಾರೆ. ನೀರಿನಲ್ಲಿ ಈ ಸೆಳೆತ ಎಷ್ಟು ಜೋರು ಅಂದರೆ, ಹರವಿದ ನೀರು ತಕ್ಷಣ ಮುದುಡಿ ಹನಿಯಾಗುತ್ತದೆ. ಕೆಸುವಿನ ಎಲೆಯ ಮೇಲೆ ಬಿದ್ದ ಮಳೆಹನಿ ಉಂಡೆಯಾಗಿ ಉರುಳುವುದನ್ನು ನೋಡಿದ್ದೀರಲ್ವಾ, ಅದೇ.

ಸೋಪು ಈ ಸೆಳೆತವನ್ನು ಹೆಚ್ಚಿಸುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ನಿಜ ಅಂದರೆ ಅದು ತಗ್ಗಿಸುತ್ತದೆ. ಶುದ್ಧ ನೀರಿನ ಸೆಳೆತ ಒಂದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಮೇಲೆ ಅದು 25ರಿಂದ 30ರ ಆಸುಪಾಸಿಗೆ ಇಳಿಯುತ್ತದೆ. ಸೋಪಿನ ಕಣಕ್ಕೆ ನೀರನ್ನು ಇಷ್ಟಪಡುವ ಒಂದು ತಲೆ, ನೀರಿನಿಂದ ತಪ್ಪಿಸಿಕೊಳ್ಳಲು ನೋಡುವ ಒಂದು ಬಾಲ. ಹಾಗಾಗಿ ಅದು ನೀರಿನ ಮೇಲ್ಮೈಗೆ ಬಂದು, ತಲೆ ಒಳಗಿಟ್ಟು ಬಾಲ ಹೊರಗೆ ಚಾಚಿ ನಿಲ್ಲುತ್ತದೆ. ಗುಳ್ಳೆಯ ಪೊರೆ ಅಂದರೆ ಮೂರು ಪದರ: ಹೊರಗೊಂದು ಸೋಪಿನ ಸಾಲು, ಒಳಗೊಂದು ಸೋಪಿನ ಸಾಲು, ನಡುವೆ ನೀರು. ಈ ನೀರೇ ಪೊರೆಯ ಜೀವ. ಅದು ಕೆಳಗೆ ಸೋರಿಹೋದರೂ ಕಷ್ಟ, ಗಾಳಿಗೆ ಆರಿಹೋದರೂ ಕಷ್ಟ.

ಸೆಳೆತ ಕಡಿಮೆಯಾದ ಪೊರೆ ಗಟ್ಟಿಯಾಗುವುದು ಹೇಗೆ? ಇಲ್ಲೊಂದು ಚೆಂದದ ಏರ್ಪಾಡಿದೆ. ಪೊರೆಯ ಒಂದು ಜಾಗ ಹಿಗ್ಗಿ ತೆಳುವಾಯಿತು ಅಂದುಕೊಳ್ಳಿ. ಅಲ್ಲಿ ಸೋಪಿನ ಕಣಗಳು ದೂರ ದೂರವಾಗುತ್ತವೆ. ಸೋಪು ಕಡಿಮೆಯಾದ ಕಡೆ ಸೆಳೆತ ಜಾಸ್ತಿಯಾಗುತ್ತದೆ. ಆ ಹೆಚ್ಚಿನ ಸೆಳೆತ ಅಕ್ಕಪಕ್ಕದ ಪೊರೆಯನ್ನು ತನ್ನತ್ತ ಜಗ್ಗುತ್ತದೆ, ಜೊತೆಗೆ ನೀರೂ ಹರಿದು ಬರುತ್ತದೆ. ತೆಳುವಾದ ಜಾಗ ತಾನೇ ತೇಪೆ ಹಾಕಿಕೊಂಡ ಹಾಗಾಯಿತು. ಸೆಳೆತದ ವ್ಯತ್ಯಾಸದಿಂದ ದ್ರವ ಹರಿಯುವ ಈ ಬಗೆಯನ್ನು ಇಟಲಿಯ ಕಾರ್ಲೋ ಮರಂಗೋನಿ 1865ರಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಇಂದಿಗೂ ಇದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಸೋಪು ತೀರಾ ಜಾಸ್ತಿ ಹಾಕಿದರೆ ಈ ಏರ್ಪಾಡು ಮಂಕಾಗುತ್ತದೆ. ತೆಳುವಾದ ಕಡೆಗೂ ಒಳಗಿನ ನೀರಿನಿಂದ ಸೋಪು ತಕ್ಷಣ ಬಂದು ತುಂಬಿಕೊಳ್ಳುತ್ತದೆ. ಸೆಳೆತದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ, ನೀರನ್ನು ಜಗ್ಗುವುದು ಯಾವುದು? ಸುಮ್ನೆ ಬಾಟಲಿ ಬಗ್ಗಿಸುವುದರಿಂದ ಲಾಭವಿಲ್ಲ ಅನ್ನುವುದು ಇದಕ್ಕೇ.

ನಮ್ಮ ಕಡೆಯ ಮಕ್ಕಳಿಗೆ ಗುಳ್ಳೆ ಊದಲು ಅಂಗಡಿಯ ಡಬ್ಬಿ ಬೇಕೇ ಬೇಕು ಅಂತೇನೂ ಇರಲಿಲ್ಲ. ಪಪ್ಪಾಯಿ ಎಲೆಯ ದಂಟೇ ಊದುವ ಕೊಳವೆ. ಬೇಲಿಯ ಕಾಡುಹರಳಿನ ಎಲೆ ಕಿತ್ತರೆ ತೊಟ್ಟಿನಿಂದ ರಸ ಒಸರುತ್ತದೆ. ಹುಲ್ಲುಕಡ್ಡಿಯನ್ನು ಬಗ್ಗಿಸಿ ಉಂಗುರ ಮಾಡಿ ಆ ರಸ ತಾಗಿಸಿದರೆ ಪೊರೆ ಕಟ್ಟುತ್ತದೆ. ಮೆಲ್ಲಗೆ ಊದಿದರೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಹೊರಡುತ್ತವೆ. ಅಂಟುವಾಳದ ನೊರೆಯೂ ಹಾಗೆಯೇ, ಅದರ ಕಾಯಿಯಲ್ಲಿ ಸೋಪಿನ ಗುಣದ ಸಪೋನಿನ್ ಇದೆ. (ಕಾಡುಹರಳಿನ ಬೀಜ ವಿಷ. ರಸ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಮಕ್ಕಳಿಗೆ ಹೇಳಿಕೊಡುವಾಗ ಇದನ್ನೂ ಹೇಳಿ.) ಇವೆಲ್ಲ ನಿಂಬೆಹಣ್ಣಿನಷ್ಟು ಗಾತ್ರದ ಗುಳ್ಳೆಗೆ ಸಾಕು. ಆಳೆತ್ತರಕ್ಕೆ ಹೋಗಬೇಕೆಂದರೆ ಲೆಕ್ಕ ಬೇರೆಯಾಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಒಂದು ಮೀಟರ್ ಅಡ್ಡಳತೆಯ ಗುಳ್ಳೆಯ ಮೈ ಸುಮಾರು 3.1 ಚದರ ಮೀಟರ್. ಪೊರೆಯ ದಪ್ಪ ಎರಡು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಅಂತ ಇಟ್ಟುಕೊಂಡರೆ, ಇಡೀ ಗುಳ್ಳೆಗೆ ತಗಲುವ ನೀರು ಆರು ಮಿಲಿಲೀಟರ್. ಒಂದು ಟೀ ಚಮಚಕ್ಕಿಂತ ತುಸು ಜಾಸ್ತಿ! ಒಳಗಿನ ಗಾಳಿಯ ತೂಕ ಮಾತ್ರ 600 ಗ್ರಾಂ ದಾಟುತ್ತದೆ. ಅಂದರೆ ಗುಳ್ಳೆಯಲ್ಲಿ ಗುಳ್ಳೆಯೇ ಹೆಚ್ಚುಕಡಿಮೆ ಇಲ್ಲ, ಗಾಳಿಯೇ ಎಲ್ಲ. ಅದಕ್ಕೇ ಅದು ಸುತ್ತಲಿನ ಗಾಳಿ ಹೋದ ಕಡೆ ಹೋಗುತ್ತದೆ. ಮನುಷ್ಯನ ತಲೆಗೂದಲಿನ ದಪ್ಪ 70ರಿಂದ 100 ಮೈಕ್ರಾನ್ ಇರುತ್ತದೆ. ಅದರ ನಲವತ್ತು-ಐವತ್ತರಲ್ಲಿ ಒಂದು ಪಾಲು ತೆಳುವಾದ ನೀರಿನ ಹಾಳೆ ಅಷ್ಟು ಅಗಲಕ್ಕೆ ಹರಡಿ ಒಡೆಯದೆ ನಿಲ್ಲಬೇಕು. ಮರಂಗೋನಿ ವಿವರಿಸಿದ ತೇಪೆ ಇಲ್ಲಿ ಸಾಕಾಗುವುದಿಲ್ಲ. ಪೊರೆ ಬೇಗ ಬೇಗ ಹಿಗ್ಗುವಾಗ ನೀರು ಹರಿದು ಬರುವಷ್ಟು ಸಮಯವೇ ಇರುವುದಿಲ್ಲ.

ಇಲ್ಲಿ ಲೋಳೆ ಕೆಲಸಕ್ಕೆ ಬರುತ್ತದೆ. ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿದಾಗ ಬೆರಳಿನಿಂದ ಬೆರಳಿಗೆ ಎಳೆ ಎಳೆಯಾಗಿ ಬರುವ ಲೋಳೆ ನಿಮಗೆ ಗೊತ್ತು. ಬೆಂಡೆಕಾಯಿಯಲ್ಲೂ ಇದೆ. ಆ ಎಳೆ ಬರುವುದು ಉದ್ದುದ್ದ ಸರಪಳಿಯಂಥ ಅಣುಗಳಿಂದ. ಅವನ್ನು ಪಾಲಿಮರ್ ಅನ್ನುತ್ತಾರೆ. ಸೋಪಿನ ನೀರಿನಲ್ಲಿ ಇಂಥ ಸರಪಳಿಗಳು ಸ್ವಲ್ಪ ಇದ್ದರೆ, ಪೊರೆ ಹಿಗ್ಗುವಾಗ ಅವು ನೇರವಾಗುತ್ತಾ, ಒಂದಕ್ಕೊಂದು ತೊಡರಿಕೊಳ್ಳುತ್ತಾ, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಪಾತ್ರೆಯಲ್ಲಿರುವ ಒತ್ತು ಶ್ಯಾವಿಗೆಯಿಂದ ಒಂದೇ ಎಳೆ ಎತ್ತಲು ಹೋದರೆ ನಾಲ್ಕಾರು ಜೊತೆಗೇ ಬರುವುದಿಲ್ಲವೇ, ಹಾಗೆ.

ಈ ವಿಷಯವನ್ನು ಸರಿಯಾಗಿ ಅಳೆದು ನೋಡಿದವರು ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಸ್ಟಿನ್ ಬರ್ಟನ್ ಮತ್ತು ಅವರ ತಂಡ. ಬಾರ್ಸಿಲೋನಾದ ಬೀದಿಯಲ್ಲಿ ಗುಳ್ಳೆ ಬಿಡುವವರನ್ನು ನೋಡಿ ಬರ್ಟನ್ ಅವರಿಗೆ ಕುತೂಹಲ ಹುಟ್ಟಿತಂತೆ. ಬಣ್ಣ ನೋಡಿದರೆ ಪೊರೆಯ ದಪ್ಪ ಒಂದು ಮೈಕ್ರಾನಿನ ಆಸುಪಾಸು ಅಂತ ಗೊತ್ತಾಗುತ್ತದೆ. ಅಷ್ಟು ತೆಳು ಪೊರೆ ಅಷ್ಟು ದೊಡ್ಡದಾಗಿಯೂ ಒಡೆಯದಿರುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಅವರ ಅಧ್ಯಯನ 2020ರಲ್ಲಿ ಫಿಸಿಕಲ್ ರಿವ್ಯೂ ಫ್ಲೂಯಿಡ್ಸ್ ಪತ್ರಿಕೆಯಲ್ಲಿ ಬಂತು. ಬೀದಿಯ ಕಲಾವಿದರು ಬಳಸುವ ಎರಡು ಪಾಲಿಮರ್‌ಗಳನ್ನು ಅವರು ಪರೀಕ್ಷಿಸಿದರು: ಒಂದು ಪಾಲಿಎಥಿಲೀನ್ ಆಕ್ಸೈಡ್, ಇನ್ನೊಂದು ಗೌರ್ ಗಮ್.

ನನಗೆ ತುಂಬ ಇಷ್ಟವಾದ ಸಂಗತಿ ಇದರ ನಂತರದ್ದು. ಕೆಲವು ತಿಂಗಳು ಹಳೆಯದಾದ ಪಾಲಿಮರ್ ಹಾಕಿದಾಗ ಹೊಸದಕ್ಕಿಂತ ಗಟ್ಟಿ ಪೊರೆ ಬಂತು. ಹಳೆಯದಾದಂತೆ ಕೆಲವು ಸರಪಳಿಗಳು ಅಲ್ಲಲ್ಲಿ ತುಂಡಾಗಿರುತ್ತವೆ. ಹಾಗಾಗಿ ಅದರಲ್ಲಿ ಉದ್ದದವೂ ಇರುತ್ತವೆ, ಮೋಟಾದವೂ ಇರುತ್ತವೆ. ಎಲ್ಲ ಒಂದೇ ಉದ್ದ ಇರುವುದಕ್ಕಿಂತ ಹೀಗೆ ಕಲಬೆರಕೆಯಾಗಿದ್ದರೆ ಪೊರೆ ಹೆಚ್ಚು ತಾಳುತ್ತದೆ ಅಂತ ಅವರು ತೋರಿಸಿದರು. ಒಂದು ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ವಿಷಯ ನನಗೆ ಕಾಣುವುದಿಲ್ಲ. ಬೀದಿಯಲ್ಲಿ ಜನ ಕೈಯಳತೆಯಲ್ಲಿ ಕಂಡುಕೊಂಡದ್ದಕ್ಕೆ ಪ್ರಯೋಗಾಲಯ ಕಾರಣ ಹುಡುಕಿ ಕೊಟ್ಟಿದೆ.

ಗೌರ್ ಗಮ್ ಅಂದರೆ ದೂರದ ವಸ್ತುವೇನಲ್ಲ. ನಾವು ಪಲ್ಯ ಮಾಡುವ ಗೋರಿಕಾಯಿ ಇದೆಯಲ್ಲ, ಬಯಲುಸೀಮೆಯವರು ಚವಳಿಕಾಯಿ ಅನ್ನುತ್ತಾರೆ, ಅದರ ಬಲಿತ ಬೀಜದ ಪುಡಿ. ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ಬೆಳೆಯುವುದು ಭಾರತ, ಅದರಲ್ಲೂ ರಾಜಸ್ಥಾನ. ಐಸ್‌ಕ್ರೀಮ್, ಸಾಸ್ ಮಂದವಾಗಲು ಇದನ್ನೇ ಹಾಕುತ್ತಾರೆ. ಸಾವಿರಾರು ಸಕ್ಕರೆ ಕೊಂಡಿಗಳು ಸೇರಿದ ಉದ್ದ ಸರಪಳಿ ಇದು. ಕೇಕ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಬಹುದು. ಕಾರ್ನ್‌ಫ್ಲೋರ್ ಹಾಕಿದರೂ ಸ್ವಲ್ಪ ಆಗುತ್ತದೆ, ಆದರೆ ಅದರ ಅಣು ಹೆಚ್ಚಾಗಿ ಕವಲು ಕವಲಾಗಿರುವುದರಿಂದ ಎಳೆ ಅಷ್ಟು ಬರುವುದಿಲ್ಲ, ಬಕೆಟ್‌ನ ತಳದಲ್ಲಿ ಕೂರುತ್ತದೆ. ಗ್ಲಿಸರಿನ್ ಎಲ್ಲರೂ ಹೇಳುವ ಮದ್ದು. ಅದು ನೀರು ಬೇಗ ಆರದ ಹಾಗೆ ನೋಡಿಕೊಳ್ಳುತ್ತದೆ, ನಿಜ. ಆದರೆ ಪೊರೆಯನ್ನು ಹಿಗ್ಗಿಸುವ ಕೆಲಸ ಅದರದ್ದಲ್ಲ. ಸಣ್ಣ ಗುಳ್ಳೆ ಹೆಚ್ಚು ಹೊತ್ತು ನಿಲ್ಲಬೇಕಾದರೆ ಅದು ಒಳ್ಳೆಯದು.

ಎಮೊರಿಯವರು ಕೊಟ್ಟ ಅಳತೆ ಹೀಗಿದೆ: ಒಂದು ಲೀಟರ್ ನೀರು, 50 ಮಿಲಿಲೀಟರ್ ಪಾತ್ರೆ ತೊಳೆಯುವ ಲಿಕ್ವಿಡ್, ಎರಡರಿಂದ ಮೂರು ಗ್ರಾಂ ಗೌರ್ ಗಮ್, 50 ಮಿಲಿಲೀಟರ್ ರಬಿಂಗ್ ಆಲ್ಕೋಹಾಲ್ (ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್), ಎರಡು ಗ್ರಾಂ ಬೇಕಿಂಗ್ ಪೌಡರ್. ಒಂದು ಲೀಟರಿಗೆ ಸೋಪು 50 ಮಿಲಿಲೀಟರ್ ಮಾತ್ರ ಅನ್ನುವುದನ್ನು ಗಮನಿಸಿ. ಗೌರ್ ಗಮ್ ಅಂತೂ ಅರ್ಧ ಟೀ ಚಮಚದಷ್ಟೇ.

ಮಾಡುವ ಕ್ರಮದಲ್ಲಿ ಎಚ್ಚರ ಬೇಕಾದ್ದು ಗೌರ್ ಗಮ್ ಕಲಸುವಾಗ. ಪುಡಿಯನ್ನು ನೇರವಾಗಿ ನೀರಿಗೆ ಹಾಕಿದರೆ ಹೊರಗೆ ಲೋಳೆ ಕಟ್ಟಿ, ಒಳಗೆ ಒಣ ಪುಡಿ ಉಳಿದು ಗಂಟಾಗುತ್ತದೆ. ಆಮೇಲೆ ಎಷ್ಟು ತಿರುವಿದರೂ ಗಂಟು ಒಡೆಯುವುದು ಕಷ್ಟ. ಅದಕ್ಕೇ ಮೊದಲು ಆಲ್ಕೋಹಾಲಿನಲ್ಲಿ ಕಲಸುವುದು. ಅದರಲ್ಲಿ ಪುಡಿ ಉಬ್ಬುವುದಿಲ್ಲ, ಬಿಡಿ ಬಿಡಿಯಾಗಿ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಆಲ್ಕೋಹಾಲ್ ಬೇಡ, ಬೆಂಕಿ ಹತ್ತುವ ವಸ್ತು. ಬದಲಿಗೆ ಮೆಡಿಕಲ್ ಶಾಪಿನ ಗ್ಲಿಸರಿನ್ ಒಂದೆರಡು ಚಮಚದಲ್ಲಿ ಕಲಸಿ, ಆಮೇಲೆ ನೀರಿಗೆ ಸೇರಿಸಿ. ಅದೂ ಇಲ್ಲದಿದ್ದರೆ ಪುಡಿಯನ್ನು ಎರಡು ಚಮಚ ಸಕ್ಕರೆಯ ಜೊತೆ ಒಣದಾಗಿಯೇ ಚೆನ್ನಾಗಿ ಬೆರೆಸಿ, ಆಮೇಲೆ ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ತಿರುವಿ. ಹತ್ತು ನಿಮಿಷ ಮೆಲ್ಲಗೆ ತಿರುವಿ, ಸ್ವಲ್ಪ ಹೊತ್ತು ಬಿಡಿ, ಮತ್ತೆ ತಿರುವಿ. ನೀರು ತಿಳಿಸಾರಿಗಿಂತ ತುಸು ಮಂದವಾಗಿ, ಬೆರಳದ್ದಿ ಎತ್ತಿದರೆ ಸಣ್ಣಗೆ ಎಳೆ ಬರಬೇಕು. ಆಮೇಲೆ ಬೇಕಿಂಗ್ ಪೌಡರ್ ಹಾಕಿ. ಅಡುಗೆ ಸೋಡಾ ಅಲ್ಲ, ಬೇಕಿಂಗ್ ಪೌಡರ್. ಕಡೆಗೆ ಲಿಕ್ವಿಡ್. ಇದನ್ನು ಹಾಕಿದ ಮೇಲೆ ಜೋರಾಗಿ ತಿರುವಬೇಡಿ, ನೊರೆ ಬರಬಾರದು. ಬಂದರೆ ಸೌಟಿನಿಂದ ತೆಗೆದು ಚೆಲ್ಲಿ. ಹಗ್ಗಕ್ಕೆ ನೊರೆ ಅಂಟಿದರೆ ಪೊರೆ ಕಟ್ಟುವಾಗಲೇ ಅಲ್ಲಿ ಹರಿಯುತ್ತದೆ.

ನೀರಿನ ಬಗ್ಗೆ ಒಂದು ಮಾತು. ಕಡಲತೀರಕ್ಕೆ ಹೋಗಿ ಅಲ್ಲಿಯ ನೀರನ್ನೇ ಬಕೆಟ್‌ಗೆ ತುಂಬುವ ಯೋಚನೆ ಬೇಡ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದರಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಕೂಡ ಇವೆ. ಮೈಗೆ ಹಚ್ಚುವ ಸೋಪು ಇವುಗಳ ಜೊತೆ ಸೇರಿ ಬಿಳಿ ಗಸಿಯಾಗಿ ಕೂರುತ್ತದೆ. ಪಾತ್ರೆಯ ಲಿಕ್ವಿಡ್ ಗಡಸು ನೀರನ್ನು ಹೆಚ್ಚು ತಾಳುತ್ತದೆಯಾದರೂ ಅಷ್ಟು ಉಪ್ಪಿನಲ್ಲಿ ಒಳ್ಳೆಯ ಪೊರೆ ಬರುವುದಿಲ್ಲ. ಕರಾವಳಿಯ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅದೂ ಬೇಡ. ಮಳೆಗಾಲದಲ್ಲಾದರೆ ಸೂರಿನ ನೀರು ಎಲ್ಲಕ್ಕಿಂತ ಒಳ್ಳೆಯದು. ಮಳೆ ನೀರು ತೀರಾ ಮೆದು. ಮೊದಲ ಮಳೆಯಲ್ಲಿ ಹಂಚಿನ ಧೂಳೆಲ್ಲ ಬರುತ್ತದೆ, ಅದು ತೊಳೆದುಹೋದ ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸಿ.

ಇನ್ನು ಹಗ್ಗ. ಇದರ ಕೆಲಸ ಪೊರೆಗೆ ಚೌಕಟ್ಟಾಗುವುದಷ್ಟೇ ಅಲ್ಲ. ಪೊರೆ ದೊಡ್ಡದಾಗುತ್ತಾ ಹೋದಂತೆ ಅದಕ್ಕೆ ಹೊಸ ನೀರು ಬೇಕಲ್ವಾ? ಅದನ್ನು ಕೊಡುವುದು ಹಗ್ಗ. ಹತ್ತಿಯ ನೂಲು ಸೋಪಿನ ನೀರನ್ನು ಹೀರಿಕೊಂಡು, ಪೊರೆ ಜಗ್ಗಿದ ಹಾಗೆಲ್ಲ ಬಿಟ್ಟುಕೊಡುತ್ತದೆ. ತಂತಿಯ ಅಥವಾ ಪ್ಲಾಸ್ಟಿಕ್ ಬಳೆಯಿಂದ ಒಂದು ಮಿತಿ ದಾಟಿ ದೊಡ್ಡ ಗುಳ್ಳೆ ಬರದಿರಲು ಇದೂ ಒಂದು ಕಾರಣ, ಅವುಗಳ ಬಳಿ ಕೊಡಲು ನೀರಿಲ್ಲ. ಕರಾವಳಿಯಲ್ಲಿ ಕೈಗೆ ಸುಲಭವಾಗಿ ಸಿಗುವುದು ದೋಣಿಯ ನೈಲಾನ್ ಹಗ್ಗ, ಅದು ನೀರು ಹೀರುವುದಿಲ್ಲ. ತೆಂಗಿನ ನಾರಿನ ಹಗ್ಗ ಒರಟು, ಚೂಪು ಚೂಪಾದ ಎಳೆಗಳು ಪೊರೆಯನ್ನು ಚುಚ್ಚುತ್ತವೆ. ಬಟ್ಟೆ ಅಂಗಡಿಯಲ್ಲಿ ಪೈಜಾಮಕ್ಕೆ ಹಾಕುವ ಹತ್ತಿಯ ಲಾಡಿ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ಅದೇ. ಮೆತ್ತಗೆ, ಹೆಣೆದದ್ದು, ಬೇಗ ನೆನೆಯುತ್ತದೆ. ಹೊಸದಾದರೆ ಒಮ್ಮೆ ಬಿಸಿನೀರಿನಲ್ಲಿ ತೊಳೆದು ಗಂಜಿ ಬಿಡಿಸಿ.

ಕೋಲಿಗೆ ಬಿದಿರು ಸಾಕು, ಅಡಿಕೆ ದಬ್ಬೆಯನ್ನು ಸಣ್ಣಗೆ ಸೀಳಿ ಕೆತ್ತಿದರೂ ಆದೀತು. ಒಂದೊಂದೂ ಸುಮಾರು ಒಂದು ಮೀಟರ್ ಉದ್ದ. ಎರಡೂ ಕೋಲಿನ ತುದಿಗಳ ನಡುವೆ ಒಂದು ಮೀಟರ್ ಲಾಡಿ ಕಟ್ಟಿ. ಅದೇ ತುದಿಗಳಿಂದ ಎರಡು ಮೀಟರಿನ ಇನ್ನೊಂದು ಲಾಡಿಯನ್ನು ಇಳಿಬಿಡಿ. ಈ ಉದ್ದ ಲಾಡಿಯ ಸರಿಮಧ್ಯಕ್ಕೆ ಒಂದು ಕಬ್ಬಿಣದ ವಾಷರ್ ಪೋಣಿಸಿ. ಕೋಲುಗಳನ್ನು ಅಗಲಿಸಿ ಹಿಡಿದಾಗ ಮೇಲೊಂದು ನೇರ ಗೆರೆ, ಕೆಳಗೆ ವಾಷರ್ ತೂಗುವ ಮೂಲೆ, ಹೀಗೆ ಮುಕ್ಕೋನವಾಗುತ್ತದೆ. ವಾಷರ್ ಇಲ್ಲದಿದ್ದರೆ ಗಾಳಿಗೆ ಹಗ್ಗ ಮಡಚಿಕೊಂಡು ತೊಡಕಾಗುತ್ತದೆ. ಬಲೆಗೆ ಕಟ್ಟುವ ಸೀಸದ ಗುಂಡು ಹಾಕುವ ಯೋಚನೆ ಬರಬಹುದು. ಸೀಸ ಮಕ್ಕಳ ಕೈಗೆ ಒಳ್ಳೆಯದಲ್ಲ, ಬಿಟ್ಟುಬಿಡಿ.

ಈಗ ಗಾಳಿಯ ವಿಚಾರ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ದೊಡ್ಡ ಗುಳ್ಳೆ ಒಡೆಯಲು ಮುಖ್ಯ ಕಾರಣ ಆರಿಹೋಗುವುದು. ಎರಡು ಮೈಕ್ರಾನ್ ದಪ್ಪದ ನೀರು ಒಣ ಹವೆಯಲ್ಲಿ ಎಷ್ಟು ಹೊತ್ತು ಉಳಿದೀತು? ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ನೀರು ಆರುವುದು ನಿಧಾನ. ಮಧ್ಯಾಹ್ನದ ಬಿಸಿಲಿನಲ್ಲಿ ಎಂಥ ಒಳ್ಳೆಯ ಮಿಶ್ರಣವೂ ಸೋಲುತ್ತದೆ. ನಮ್ಮಲ್ಲಿ ಬೆಳಗಿನ ಹೊತ್ತು, ಅದರಲ್ಲೂ ಇಬ್ಬನಿ ಬಿದ್ದ ಬೆಳಗ್ಗೆ, ಅಥವಾ ಮಳೆ ನಿಂತು ನೆಲ ಇನ್ನೂ ಹಸಿಯಿರುವ ಹೊತ್ತು ಬಹಳ ಚೆನ್ನ. ಆಷಾಢದ ಗಾಳಿಯಲ್ಲಿ ಆಗುವ ಮಾತಲ್ಲ. ಮಳೆ ಇಳಿಮುಖವಾಗುವ ಸೆಪ್ಟೆಂಬರ್ ಹೊತ್ತಿಗೆ ಹದ ಬರುತ್ತದೆ.

ಕಡಲತೀರದಲ್ಲಿ ಗಾಳಿಗೆ ದಿನಚರಿ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಸಮುದ್ರ ಬೆಚ್ಚಗಿರುತ್ತದೆ. ಹಾಗಾಗಿ ಬೆಳಗಿನ ಜಾವ ನೆಲದಿಂದ ಸಮುದ್ರದ ಕಡೆಗೆ ಮೆಲ್ಲನೆ ಗಾಳಿ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಇದು ತಿರುಗಿ, ಸಮುದ್ರದಿಂದ ನೆಲಕ್ಕೆ ಬೀಸತೊಡಗುತ್ತದೆ. ಮಧ್ಯಾಹ್ನಕ್ಕೆ ಜೋರಾಗುತ್ತದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಇದನ್ನು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಎಲ್ಲ ಕಡೆ ನೋಡಬಹುದು. ಬೆಳಗ್ಗೆ ನೀವು ಸಮುದ್ರಕ್ಕೆ ಮುಖ ಮಾಡಿ ನಿಂತರೆ ಗಾಳಿ ಬೆನ್ನಿಗೆ ಬರುತ್ತದೆ, ಗುಳ್ಳೆ ಅಲೆಗಳ ಮೇಲೆ ಹೊರಡುತ್ತದೆ. ಒಂದು ಗಾಳಿ ನಿಂತು ಇನ್ನೊಂದು ಶುರುವಾಗುವ ನಡುವಿನ ಹೊತ್ತೂ ಒಳ್ಳೆಯದೇ, ಆಗ ನೀವೇ ಹಿಂದಕ್ಕೆ ನಡೆದು ಗಾಳಿ ತುಂಬಬೇಕು. ಶಿರಸಿ, ಸಿದ್ದಾಪುರದ ಕಡೆಯವರಿಗೆ ಚಳಿಗಾಲದ ಮಂಜಿನ ಬೆಳಗ್ಗೆಗಳಿವೆ. ಗಾಳಿಯೂ ಇಲ್ಲ, ಒಣಗುವ ಭಯವೂ ಇಲ್ಲ. ಆದರೆ ಕೊಯ್ಲಿನ ದಿನಗಳಲ್ಲಿ ಅಡಿಕೆ ಹರವಿದ ಅಂಗಳದ ಹತ್ತಿರ ಮಾತ್ರ ಬೇಡ, ಸೋಪಿನ ನೀರು ಸಿಡಿಯುತ್ತದೆ.

ಬಿಡುವ ಕೈಚಳಕ ನೋಡೋಣ. ಎರಡೂ ಕೋಲಿನ ತುದಿ ಜೋಡಿಸಿ, ಹಗ್ಗವನ್ನು ಪೂರ್ತಿ ಬಕೆಟ್‌ನಲ್ಲಿ ಮುಳುಗಿಸಿ. ತುದಿಗಳನ್ನು ಜೋಡಿಸಿಯೇ ಮೇಲೆತ್ತಿ. ಹೆಚ್ಚಿನ ನೀರು ಸೋರಿಹೋಗುವವರೆಗೆ ಬಕೆಟ್ ಮೇಲೇ ಹಿಡಿಯಿರಿ. ಗಾಳಿಗೆ ಬೆನ್ನು ಹಾಕಿ, ಕೋಲುಗಳನ್ನು ಎದೆಯ ಮಟ್ಟಕ್ಕೆ ಚಾಚಿ, ಇನ್ನು ನಿಧಾನ ತುದಿಗಳನ್ನು ಬಿಡಿಸಿ. ಹಗ್ಗ ಹಗ್ಗದಿಂದ ಬೇರೆಯಾಗುವಾಗ ನಡುವೆ ಪೊರೆ ಮೂಡುವುದು ಕಾಣುತ್ತದೆ. ಮೊದಲು ಅದು ಚಪ್ಪಟೆ ಇರುತ್ತದೆ, ಮರುಗಳಿಗೆಗೆ ಗಾಳಿ ಹೊಕ್ಕು ಮುಂದಕ್ಕೆ ಉಬ್ಬುತ್ತದೆ. ಕೈಗೆ ಜಗ್ಗಿದ್ದೂ ಗೊತ್ತಾಗುವುದಿಲ್ಲ, ಅಷ್ಟು ಹಗುರ. ಉಬ್ಬು ಕೊಳವೆಯಾಗಿ ಉದ್ದಕ್ಕೆ ಬೆಳೆಯುತ್ತದೆ. ನೋಡಿ ಸಾಕು ಅನ್ನಿಸಿದಾಗ ತುದಿಗಳನ್ನು ಮತ್ತೆ ಹತ್ತಿರ ತನ್ನಿ. ಕೊಳವೆಯ ಬಾಯಿ ಸಣ್ಣದಾಗಿ, ಕುತ್ತಿಗೆ ಸೊರಗಿ, ತಾನೇ ತುಂಡಾಗಿ ಗುಳ್ಳೆ ಮುಚ್ಚಿಕೊಳ್ಳುತ್ತದೆ.

ಈ ಕುತ್ತಿಗೆ ತಾನೇ ತುಂಡಾಗುವುದು ಯಾಕೆ? ಪೊರೆಗೆ ಯಾವಾಗಲೂ ತನ್ನ ಮೈಯನ್ನು ಆದಷ್ಟು ಕಡಿಮೆ ಮಾಡಿಕೊಳ್ಳುವ ಹಟ. ಕೊಳವೆಯ ಉದ್ದ ಅದರ ಸುತ್ತಳತೆಗಿಂತ ಜಾಸ್ತಿಯಾದರೆ ಅದು ಕೊಳವೆಯಾಗಿ ನಿಲ್ಲಲಾರದು. ಎಲ್ಲೋ ಒಂದು ಕಡೆ ಸಣ್ಣದಾಗತೊಡಗಿ, ಸಣ್ಣದಾದಷ್ಟೂ ಬೇಗ ಸಣ್ಣದಾಗಿ, ಕತ್ತರಿಸಿಹೋಗುತ್ತದೆ. ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಧಾರೆ ಕೆಳಗೆ ಹನಿಹನಿಯಾಗುವುದಕ್ಕೂ ಇದೇ ಕಾರಣ. ಇದನ್ನು ವಿವರವಾಗಿ ಅಧ್ಯಯನ ಮಾಡಿದವರು ಬೆಲ್ಜಿಯಂನ ಜೋಸೆಫ್ ಪ್ಲಾಟೊ. ಸೋಪಿನ ಪೊರೆಯ ಮೇಲಿನ ಅವರ ಹೆಚ್ಚಿನ ಕೆಲಸ ನಡೆದದ್ದು ಅವರು ಕಣ್ಣು ಕಳೆದುಕೊಂಡ ಮೇಲೆ. ಮನೆಯವರು, ಜೊತೆಗಾರರು ಪ್ರಯೋಗ ಮಾಡಿ ಕಂಡದ್ದನ್ನು ಹೇಳುತ್ತಿದ್ದರು, ಅವರು ಅದರ ನಿಯಮ ಹುಡುಕುತ್ತಿದ್ದರು. ಹೀಗೆ ಹುಡುಕಿದ್ದನ್ನೆಲ್ಲ ಅವರು 1873ರಲ್ಲಿ ಪ್ರಕಟಿಸಿದರು. ನಾವು ಇವತ್ತು ನೊರೆಯ ಬಗ್ಗೆ ತಿಳಿದಿರುವುದರ ಬುನಾದಿ ಅದೇ.

ಮುಚ್ಚಿಕೊಂಡ ದೊಡ್ಡ ಗುಳ್ಳೆ ಚೆಂಡಿನಂತೆ ಗುಂಡಗಿರದೆ ಓಲಾಡುತ್ತಾ, ಹೊಟ್ಟೆ ಉಬ್ಬಿಸುತ್ತಾ ಹೋಗುತ್ತದೆ. ಗುಳ್ಳೆಯೊಳಗಿನ ಒತ್ತಡ ಹೊರಗಿಗಿಂತ ಎಷ್ಟು ಜಾಸ್ತಿ ಅನ್ನುವುದು ಗಾತ್ರದ ಮೇಲೆ ನಿಂತಿದೆ. ಗುಳ್ಳೆ ದೊಡ್ಡದಾದಷ್ಟೂ ಆ ಹೆಚ್ಚುವರಿ ಕಡಿಮೆ. ಎರಡು ಸೆಂಟಿಮೀಟರ್ ಅಡ್ಡಳತೆಯ ಗುಳ್ಳೆಯಲ್ಲಿ ಅದು ಸುಮಾರು 10 ಪಾಸ್ಕಲ್. ಎರಡು ಮೀಟರಿನ ಗುಳ್ಳೆಯಲ್ಲಿ 0.1 ಪಾಸ್ಕಲ್ ಮಾತ್ರ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತು ಲಕ್ಷದಲ್ಲಿ ಒಂದು ಪಾಲು. ಗುಂಡಗಾಗಿ ಎಂದು ಒಳಗಿನಿಂದ ಒತ್ತುವ ಬಲ ಅಷ್ಟು ಕಡಿಮೆ ಇರುವಾಗ ಸಣ್ಣ ಗಾಳಿಯೂ ಅದರ ಆಕಾರ ಬದಲಿಸುತ್ತದೆ.

ಬಣ್ಣದ ವಿಷಯ ಚುಟುಕಾಗಿ. ಪೊರೆಯ ಮುಂಬದಿಯಿಂದಲೂ ಹಿಂಬದಿಯಿಂದಲೂ ಬೆಳಕು ಪ್ರತಿಫಲಿಸುತ್ತದೆ. ಎರಡೂ ಸೇರುವಾಗ ಕೆಲವು ಬಣ್ಣಗಳು ಒಂದನ್ನೊಂದು ಬಲಪಡಿಸುತ್ತವೆ, ಕೆಲವು ಅಳಿಸಿಹಾಕುತ್ತವೆ. ಯಾವುದು ಉಳಿಯುತ್ತದೆ ಅನ್ನುವುದು ಪೊರೆಯ ದಪ್ಪದ ಮೇಲೆ ನಿಂತಿದೆ. ಹಾಗಾಗಿ ಬಣ್ಣ ನೋಡಿಯೇ ಗುಳ್ಳೆಯ ಆಯುಷ್ಯ ಊಹಿಸಬಹುದು. ನಸುಗೆಂಪು, ನಸುಹಸಿರು ಪಟ್ಟೆಗಳಿದ್ದರೆ ಪೊರೆ ಇನ್ನೂ ದಪ್ಪ ಇದೆ. ಬಂಗಾರ, ನೀಲಿ ಎದ್ದು ಕಂಡರೆ ತೆಳುವಾಗುತ್ತಿದೆ. ಮೇಲ್ಭಾಗ ಬೆಳ್ಳಗಾಗಿ ಆಮೇಲೆ ಕಪ್ಪಾದ ಹಾಗೆ ಕಂಡರೆ ಅಲ್ಲಿಯ ದಪ್ಪ ಒಂದು ಮೈಕ್ರಾನಿನ ಮೂವತ್ತು-ನಲವತ್ತರಲ್ಲಿ ಒಂದು ಪಾಲಿಗೆ ಇಳಿದಿದೆ ಅಂತ ಅರ್ಥ, ಒಡೆಯುವುದಕ್ಕೆ ಹೆಚ್ಚು ಹೊತ್ತಿಲ್ಲ.

ಒಡೆಯುವುದನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಗುಳ್ಳೆ ಒಮ್ಮೆಲೇ ಮಾಯವಾಗುವುದಿಲ್ಲ. ಒಂದು ಕಡೆ ತೂತು ಬೀಳುತ್ತದೆ, ಅದರ ಅಂಚು ಪೊರೆಯನ್ನು ಸುರುಳಿ ಸುತ್ತಿಕೊಳ್ಳುತ್ತಾ ಓಡುತ್ತದೆ. ಒಂದು ಮೈಕ್ರಾನ್ ದಪ್ಪದ ಪೊರೆಯಲ್ಲಿ ಈ ಅಂಚಿನ ವೇಗ ಸೆಕೆಂಡಿಗೆ ಸುಮಾರು ಏಳು ಮೀಟರ್. ಮೂರು ಮೀಟರ್ ಉದ್ದದ ಗುಳ್ಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹರಿಯಲು ಅರ್ಧ ಸೆಕೆಂಡಿನ ಹತ್ತಿರ ಬೇಕು. ಬರಿಗಣ್ಣಿಗೂ ಇದು ಕಾಣುತ್ತದೆ. ಮಕ್ಕಳಿಗೆ ಇನ್ನೊಂದು ತೋರಿಸಬಹುದು: ಒಣ ಬೆರಳು ತಾಗಿದರೆ ಗುಳ್ಳೆ ಒಡೆಯುತ್ತದೆ. ಅದೇ ಕೈಯನ್ನು ಮೊಣಕೈವರೆಗೆ ಸೋಪಿನ ನೀರಿನಲ್ಲಿ ಅದ್ದಿ ಮೆಲ್ಲಗೆ ತೂರಿಸಿದರೆ ಪೊರೆ ಕೈಯ ಸುತ್ತ ಕೂಡಿಕೊಂಡು ನಿಲ್ಲುತ್ತದೆ. ಪೊರೆಗೆ ಆಗದ್ದು ಒಣ ವಸ್ತು. ಮರಳು ಅದಕ್ಕೇ ದೊಡ್ಡ ಶತ್ರು. ಹಗ್ಗ ಒಮ್ಮೆ ಮರಳಿಗೆ ಬಿದ್ದರೆ ಹಾಗೇ ಬಕೆಟ್‌ಗೆ ಅದ್ದಬೇಡಿ, ಇಡೀ ನೀರು ಹಾಳು. ಬೇರೆ ನೀರಿನಲ್ಲಿ ತೊಳೆದು ಅದ್ದಿ. ಬಕೆಟ್ ಕೆಳಗೆ ಒಂದು ಗೋಣಿಚೀಲ ಹಾಸಿ.

ಎಷ್ಟು ದೊಡ್ಡದು ಸಾಧ್ಯ? 2015ರಲ್ಲಿ ಅಮೆರಿಕದ ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಗ್ಯಾರಿ ಪರ್ಲ್‌ಮನ್ ಬಿಟ್ಟ ಗುಳ್ಳೆಯ ಗಾತ್ರ 96.27 ಘನ ಮೀಟರ್, ಇದು ಗಿನ್ನೆಸ್ ದಾಖಲೆ. ಗುಂಡಗಿದ್ದಿದ್ದರೆ ಅದರ ಅಡ್ಡಳತೆ ಐದೂಮುಕ್ಕಾಲು ಮೀಟರಿನ ಹತ್ತಿರ ಆಗುತ್ತಿತ್ತು. ಅದೂ ಕೋಲು ಹಗ್ಗದ ಕೆಲಸವೇ, ಬೇರೆ ಯಂತ್ರವಿಲ್ಲ.

ಉಳಿದ ಮಿಶ್ರಣ ಒಂದೆರಡು ದಿನ ಮುಚ್ಚಿಟ್ಟರೆ ಕೆಲಸಕ್ಕೆ ಬರುತ್ತದೆ, ಎಷ್ಟೋ ಸಲ ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ. ಅದಕ್ಕಿಂತ ಜಾಸ್ತಿ ಇಟ್ಟರೆ ನಮ್ಮ ಸೆಕೆಗೆ ಗೌರ್ ಗಮ್ ಕೊಳೆತು ವಾಸನೆ ಬರುತ್ತದೆ, ಎಳೆಯೂ ಹೋಗುತ್ತದೆ. ಚೆಲ್ಲುವುದನ್ನು ಸಮುದ್ರಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ಸೋಪು ಮೀನಿನ ಕಿವಿರಿಗೆ ಆಗುವುದಿಲ್ಲ. ಮರಳಿಗೂ ಬೇಡ, ಚಳಿಗಾಲದಲ್ಲಿ ಈ ತೀರಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಡಬ್ಬಿಗೆ ತುಂಬಿ ಮನೆಗೆ ತಂದು ಪಾತ್ರೆ ತೊಳೆದ ನೀರು ಹೋಗುವ ಕಡೆಗೇ ಬಿಡಿ. ಅಂಗಳದಲ್ಲಿ ಆಡಿದ್ದರೆ ನೆಲಕ್ಕೆ ಎರಡು ಕೊಡ ನೀರು ಹೊಯ್ದು ತಿಕ್ಕಿ. ಗೌರ್ ಗಮ್ ಬಿದ್ದ ನೆಲ ಬರೀ ಸೋಪಿಗಿಂತ ಜಾಸ್ತಿ ಜಾರುತ್ತದೆ.